ಪಾದ ಸವರಿದ್ದು

ಆ ಮನೆಯಲ್ಲಿ ಬೆಳಗಿನ ಹಾಲಿಗಿಂತ ಮೊದಲು ಜಗಳ ಉಕ್ಕುತ್ತಿತ್ತು. ಆ ದಿನ ಉಕ್ಕಿದ್ದು ಒಂದು ಶಬ್ದದ ಮೇಲೆ.

"ಅತ್ತೆ, ಸ್ವಲ್ಪ ಆ ಕಡೆ ಸರೀರಿ. ಬನ್ನಿಗೆ ಮೆರುಗು ಸವರಬೇಕು" ಎಂದಳು ಸೊಸೆ, ಬ್ರಷ್ಷು ಹಿಡಿದುಕೊಂಡು.

"ಏನು ಸವರಬೇಕು?"

"ಮೆರುಗು."

"ಹಾಲಿಗೆ ಮೊಟ್ಟೆ ಒಡೆದು ಹಾಕಿದ್ರೆ ಅದು ಮೆರುಗಾಗಲ್ಲ ಕಣೇ. ಅಂಟು ಅನ್ನು, ಲೋಳೆ ಅನ್ನು, ಇನ್ನೇನಾದ್ರೂ ಅನ್ನು. ಮೆರುಗು ಅಂದ್ರೆ ಬೆಂಕಿ ತಿಂದು ಗಾಜಾಗೋದು. ನಿನ್ನದು ನೊಣ ಕೂರೋದು."

"ನಿಮ್ಮ ಮೆರುಗನ್ನ ಯಾರೂ ತಿನ್ನಲ್ಲ ಅತ್ತೆ. ನನ್ನದನ್ನ ಬೀದಿಯೆಲ್ಲಾ ಬೆರಳು ಚೀಪಿಕೊಂಡು ತಿನ್ನುತ್ತೆ."

ಅತ್ತೆ ಮಣ್ಣಿನ ಪಾತ್ರೆ ಮಾಡುವವಳು. ಬೀದಿಯವರು ಅವಳನ್ನು ಮೆರುಗಮ್ಮ ಎಂದೇ ಕರೆಯುತ್ತಿದ್ದರು. ಅವಳ ಹಸಿರು ಬಟ್ಟಲುಗಳಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಮಗಳು ಕಿಟಕಿ ಗಾಜು ಕತ್ತರಿಸುವ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಹುಟ್ಟಿದಾಗ ಮುಷ್ಟಿಯಷ್ಟಿದ್ದಳೆಂದು ಅವಳನ್ನು ಚೂರು ಎಂದು ಕರೆದಿದ್ದರು. ಈಗ ಆ ಹೆಸರು ಅವಳ ಕೆಲಸಕ್ಕೂ ಒಪ್ಪುತ್ತಿತ್ತು, ನಾಲಿಗೆಗೂ ಒಪ್ಪುತ್ತಿತ್ತು. ಅಂಗಡಿಯಲ್ಲಿ ಉಳಿದ ಗಾಜಿನ ತುಂಡುಗಳನ್ನು ಅವಳು ಚೀಲದಲ್ಲಿ ತಂದು ಹಾಕುವಳು. ತಾಯಿ ಅದನ್ನು ಕುಟ್ಟಿ, ಜರಡಿ ಹಿಡಿದು, ಬೂದಿ ಮತ್ತು ಬಿಳಿ ಮಣ್ಣು ಸೇರಿಸಿ, ನೀರಿನಲ್ಲಿ ಮಜ್ಜಿಗೆಯ ಹದಕ್ಕೆ ಕದಡುವಳು. ಒಮ್ಮೆ ಸುಟ್ಟ ಬಟ್ಟಲನ್ನು ಅದರಲ್ಲಿ ಅದ್ದಿ ಮತ್ತೆ ಆವಿಗೆಯ ಗೂಡಿನಲ್ಲಿಟ್ಟು ಸುಟ್ಟರೆ ಆ ಮಬ್ಬು ನೀರೇ ಹಸಿರು ಗಾಜಾಗಿ ಬಟ್ಟಲಿನ ಮೈಗೆ ಕೂರುತ್ತಿತ್ತು.

ಮಗ ಶಾಲೆಯ ವ್ಯಾನು ಓಡಿಸುತ್ತಿದ್ದ. ಮಣ್ಣಿಗೂ ಸೇರಿದವನಲ್ಲ, ಹಿಟ್ಟಿಗೂ ಸೇರಿದವನಲ್ಲ, ಹಾಗಾಗಿ ಎರಡೂ ಕಡೆಯ ಬೈಗುಳಕ್ಕೆ ಸೇರಿದವನು. ಸೊಸೆ ಬೇಕರಿಯವರ ಮನೆಯ ಹೆಣ್ಣು. ಅಡುಗೆಮನೆಯ ಮೂಲೆಯಲ್ಲಿ ಒಂದು ಸಣ್ಣ ಒಲೆ ಇಟ್ಟುಕೊಂಡು ಬನ್ನು ಬೇಯಿಸಿ ಸುತ್ತಲಿನ ಚಹಾ ಅಂಗಡಿಗಳಿಗೆ ಕೊಡುತ್ತಿದ್ದಳು. ಬನ್ನು ಸಾಲುತ್ತಿರಲಿಲ್ಲ. ಹಿತ್ತಲಿನ ಶೆಡ್ಡು ಸಿಕ್ಕಿದ್ದರೆ ಅಲ್ಲಿ ದೊಡ್ಡ ಒಲೆ ಕಟ್ಟಿಸಬಹುದಿತ್ತು. ಆದರೆ ಶೆಡ್ಡಿನಲ್ಲಿ ಅತ್ತೆಯ ಆವಿಗೆ ಇತ್ತು, ಮತ್ತು ಅತ್ತೆ ಇದ್ದಳು.

ಈ ಮಾತು ಎಷ್ಟು ಸಲ ಎದ್ದು ಎಷ್ಟು ಸಲ ಬಿದ್ದಿತ್ತೋ. ಕೊನೆಗೆ ಒಂದು ದಿನ ಊಟದ ನಡುವೆ ಮೆರುಗಮ್ಮನೇ ತಟ್ಟೆ ಸರಿಸಿ ಹೇಳಿದಳು:

"ಕೇಳಿಸ್ಕೊಳ್ಳಿ ಎಲ್ಲಾರೂ. ಕ್ಯಾಂಟೀನಿನವರು ಬಟ್ಟಲು ಕೇಳಿದಾರೆ. ಒಂದು ಆವಿಗೆ ತುಂಬುವಷ್ಟು ಆಗುತ್ತೆ. ಅದು ಚೆನ್ನಾಗಿ ಇಳಿದ್ರೆ, ನಾನು ಸಾಯೋವರೆಗೂ ಶೆಡ್ಡಿನ ಮಾತು ಯಾರ ಬಾಯಲ್ಲೂ ಬರಬಾರದು. ಕೆಟ್ರೆ, ನಾನೇ ನಿಂತು ಆವಿಗೆ ಒಡೆಸ್ತೀನಿ. ಆಮೇಲೆ ಇವಳು ಅಲ್ಲಿ ಬನ್ನಾದ್ರೂ ಬೇಯಿಸ್ಲಿ, ತಲೆಯಾದ್ರೂ ಬೇಯಿಸ್ಲಿ."

"ಒಪ್ಪಿದೆ" ಎಂದಳು ಸೊಸೆ.

"ನಿನ್ನ ಒಪ್ಪಿಗೆ ಯಾರು ಕೇಳಿದ್ರು?" ಎಂದಳು ಚೂರು.

"ನೀನು ಊಟ ಮಾಡೇ" ಎಂದ ಅಣ್ಣ.

ಮೆರುಗಮ್ಮ ಹಟ ಹಿಡಿದು ಬಟ್ಟಲುಗಳನ್ನು ಮಾಡಿದಳು. ತಿಗರಿಯ ಚಕ್ರದ ಮುಂದೆ ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ಒಣಗಿಸಿ ಮೊದಲ ಸುಡುವಿಕೆಯೂ ಮುಗಿಯಿತು. ಮೆರುಗು ಹಾಕಿ ಎರಡನೇ ಸಲ ಸುಡುವುದೊಂದೇ ಬಾಕಿ ಎನ್ನುವಾಗ ಅವಳು ಅಡುಗೆಮನೆಯ ಹೊಸಿಲ ಬಳಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ನೆಲದ ಮೇಲೆ ಚೆಲ್ಲಿದ್ದು ಸೊಸೆಯ ಸಕ್ಕರೆ ಪಾಕ. ಬೆಂದ ಬನ್ನಿನ ಮೇಲೆ ಹೊಳಪಿಗೆಂದು ಸವರುವ ಪಾಕ.

"ನೋಡು, ನಿನ್ನ ಹೆಂಡತಿಯ ಮೆರುಗು!" ಎಂದು ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮಗನಿಗೆ ಎಲ್ಲರೂ ಕೇಳುವ ಹಾಗೆ ಕಿರುಚಿದಳು. "ಕೈಗೇ ಹಾಕಿದ್ಲು!"

"ಒರೆಸೋಕೆ ಬಟ್ಟೆ ತರೋಕೆ ಹೋಗಿದ್ದೆ. ಅಷ್ಟರಲ್ಲಿ ನೀವು ಬಂದ್ರಿ" ಎಂದಳು ಸೊಸೆ. ಅದು ನಿಜ. ನಿಜ ಎಂಬುದು ಆ ಮನೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಮಣಿಕಟ್ಟಿನಿಂದ ಮೊಣಕೈವರೆಗೆ ಪ್ಲಾಸ್ಟರ್ ಬಿತ್ತು, ಅದರ ಮೇಲೊಂದು ಬ್ಯಾಂಡೇಜು. ಕ್ಯಾಂಟೀನಿನವರು ಕಾಯುವ ಜನ ಅಲ್ಲ. ಮಗ ಬೆಳಿಗ್ಗೆ ಹೋದರೆ ಸಂಜೆಗೆ ಬರುವವನು, ಚೂರು ಕೂಡ ಹಾಗೆಯೇ. ಮನೆಯಲ್ಲಿ ಉಳಿಯುವ ಕೈ ಒಂದೇ, ಸೊಸೆಯದು.

"ನಾನು ಹಾಕ್ತೀನಿ ಮೆರುಗು. ಹೇಳಿಕೊಡಿ" ಎಂದಳು ಅವಳು.

ಇದರಲ್ಲಿ ಅವಳಿಗೇನು ಲಾಭ ಎಂದು ಬೀದಿಯವರು ಆಮೇಲೆ ಬಹಳ ಕೇಳಿದರು. ಲಾಭ ಇರಲಿಲ್ಲ. ಬಟ್ಟಲು ಚೆನ್ನಾಗಿ ಬಂದರೆ ಶೆಡ್ಡು ಕೈತಪ್ಪುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೆ ತನ್ನ ಪಾಕದ ಮೇಲೆ ಅತ್ತೆ ಜಾರಿದ ಮೇಲೆ, ಬಟ್ಟಲೂ ಕೆಟ್ಟರೆ ಜನ ಏನೆನ್ನುತ್ತಾರೆಂಬುದೂ ಗೊತ್ತಿತ್ತು. ಅತ್ತೆಯ ಕೈ ಮುರಿದು ಜಾಗ ಕಿತ್ತುಕೊಂಡವಳು ಎನ್ನಿಸಿಕೊಂಡು ಆ ಶೆಡ್ಡಿನಲ್ಲಿ ಹಿಟ್ಟು ಕಲಸುವುದು ಅವಳಿಗೆ ಬೇಡವಾಗಿತ್ತು. ಶೆಡ್ಡು ಹೋದರೆ ಹೋಗಲಿ, ಹೆಸರು ಕೆಡದಿದ್ದರೆ ಸಾಕು. ಮುಖ್ಯವಾಗಿ, ಗಂಡನ ಮುಂದೆ.

ಮೆರುಗಮ್ಮ ಶೆಡ್ಡಿನ ಬಾಗಿಲಲ್ಲಿ ಸ್ಟೂಲ್ ಹಾಕಿಸಿಕೊಂಡು ಕೂತಳು. ಹೇಳಿಕೊಡುವುದು ಅವಳಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಅರ್ಧ ಮಾತು ಬಾಯಲ್ಲೇ ಇಟ್ಟುಕೊಂಡು ಅರ್ಧವನ್ನು ಉಗುಳಿದಳು.

"ಒಳಗೆ ಸುರಿ. ತಿರುಗಿಸು. ಚೆಲ್ಲು. ಹೊರಗೆ ಅದ್ದು. ಬೇಗ ತೆಗಿ, ಸ್ನಾನ ಮಾಡಿಸ್ತಿಲ್ಲ ನೀನು. ಹಾಂ. ಆಮೇಲೆ ಪಾದ ಸವರು."

ಬಟ್ಟಲು ನೆಲದ ಮೇಲೆ ಕೂರುವ ತಳದ ಉಂಗುರಕ್ಕೆ ಅವರು ಪಾದ ಎನ್ನುತ್ತಿದ್ದರು.

"ಪಾದಾನೂ ಸವರಬೇಕಾ?"

"ಪಾದಾನೇ ಮುಖ್ಯ. ಒಂದನ್ನೂ ಬಿಡಬೇಡ. ಬಿಟ್ರೆ ಎಲ್ಲಾ ಹಾಳು."

"ಎಲ್ಲಾ ಕಡೆ?"

"ಸುತ್ತಾ. ನನಗೆ ಆಸ್ಪತ್ರೆಗೆ ಹೊತ್ತಾಯ್ತು. ತಲೆ ತಿನ್ನಬೇಡ" ಎಂದು ಎದ್ದು ಹೋದಳು.

ಬಟ್ಟಲನ್ನು ಅದ್ದಿದಾಗ ಪಾದಕ್ಕೂ ಮೆರುಗು ಹತ್ತುತ್ತದೆ. ಅದನ್ನು ಚಾಕುವಿನಿಂದ ಕೆರೆದು ತೆಗೆಯದಿದ್ದರೆ ಬೆಂಕಿಯಲ್ಲಿ ಅದು ಕರಗಿ ಬಟ್ಟಲನ್ನು ಆವಿಗೆಯೊಳಗಿನ ಸುಟ್ಟ ಮಣ್ಣಿನ ಹಲಗೆಗೆ ಬೆಸೆದುಬಿಡುತ್ತದೆ. ಮೆರುಗಮ್ಮನ ಬಾಯಲ್ಲಿ ಪಾದ ಸವರುವುದು ಎಂದರೆ ಹೀಗೆ ಕೆರೆದು ತೆಗೆಯುವುದು. ಬೇಲಿ ಸವರುವುದಿಲ್ಲವೇ, ಕೊಂಬೆ ಸವರುವುದಿಲ್ಲವೇ, ಹಾಗೆ. ಬೇಕರಿಯವರ ಮನೆಯಲ್ಲಿ ಸವರುವುದು ಎಂದರೆ ಬ್ರಷ್ಷಿನಿಂದ ಹಚ್ಚುವುದು. ಎರಡೂ ಕನ್ನಡವೇ, ಎರಡೂ ಸರಿಯೇ. ಸೊಸೆ ಸೊಂಟ ಬಿಗಿದು ಕೂತು, ಬನ್ನಿಗೆ ಹಚ್ಚುವ ಅತಿ ಮೆತ್ತನೆಯ ಬ್ರಷ್ಷನ್ನು ತಂದು, ಪ್ರತಿ ಬಟ್ಟಲಿನ ಪಾದಕ್ಕೂ ಇನ್ನೊಂದು ಸುತ್ತು ಮೆರುಗು ಹಚ್ಚಿದಳು. ಒಂದನ್ನೂ ಬಿಡಲಿಲ್ಲ. ಎಲ್ಲವನ್ನೂ ಮರದ ಹಲಗೆಯ ಮೇಲೆ ಬೋರಲು ಹಾಕಿ ಸಾಲಾಗಿ ಒಣಗಲು ಇಟ್ಟು ಅಡುಗೆಮನೆಗೆ ಬಂದಾಗ ಅವಳಿಗೆ ಖುಷಿಯಾಗಿತ್ತು. ಮದುವೆಯಾದ ಮೇಲೆ ಅತ್ತೆ ಅವಳಿಗೆ ಹೇಳಿಕೊಟ್ಟ ಮೊದಲ ಕೆಲಸವನ್ನು ಅವಳು ಚೊಕ್ಕವಾಗಿ ಮಾಡಿದ್ದಳು.

ಮೆರುಗಮ್ಮ ಆಸ್ಪತ್ರೆಯಿಂದ ಬಂದು ನೇರ ಶೆಡ್ಡಿಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಸೊಸೆ ಅಡುಗೆಮನೆಯಿಂದಲೇ, "ಅತ್ತೆ, ಸರಿಯಾಗಿದೆಯಾ?" ಎಂದು ಕೂಗಿದಳು. ಉತ್ತರ ಬರಲಿಲ್ಲ. ಅತ್ತೆ ಉತ್ತರ ಕೊಡದಿರುವುದು ಹೊಸದೇನಲ್ಲವಾದ್ದರಿಂದ ಅವಳು ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ಮರುದಿನ ಮಗ ರಜೆ ಹಾಕಿ ಬಟ್ಟಲುಗಳನ್ನು ಆವಿಗೆಗೆ ತುಂಬಿದ.

"ನೋಡಿದ್ಯೇನಮ್ಮ ಎಲ್ಲಾನೂ?"

"ನೋಡಿದೀನಿ. ತುಂಬು" ಎಂದಳು ತಾಯಿ. ಅವಳು ಆ ದಿನ ಆವಿಗೆಯ ಹತ್ತಿರ ಬರಲಿಲ್ಲ. ಅಂಗಳದಲ್ಲಿ ಕೂತೇ ಉರಿ ಏರಿಸು, ಇಳಿಸು ಎಂದು ಹೇಳಿದಳು.

ಆವಿಗೆ ತಣ್ಣಗಾಗಿ ಬಾಗಿಲ ಇಟ್ಟಿಗೆ ತೆಗೆದಾಗ ಮೊದಲು ಕಂಡದ್ದು ಹಸಿರು. ಎಷ್ಟು ಚೆಂದದ ಹಸಿರೆಂದರೆ ಸೊಸೆ ಗಂಡನ ತೋಳು ಹಿಡಿದು, "ಬಂತು ರೀ, ಬಂತು!" ಎಂದಳು. ಅವನು ಮೇಲಿನ ಸಾಲಿನ ಒಂದು ಬಟ್ಟಲಿಗೆ ಕೈ ಹಾಕಿ ಎತ್ತಿದ. ಏಳಲಿಲ್ಲ. ಅಲುಗಿಸಿದ. ಹಲಗೆಯೇ ಅಲುಗಿತು. ಇನ್ನೊಂದು. ಮತ್ತೊಂದು. ಬಲವಾಗಿ ಎಳೆದದ್ದಕ್ಕೆ ಒಂದು ಬಟ್ಟಲಿನ ಅಂಚು ಮುರಿದು ಕೈಗೆ ಬಂತು, ತಳ ಹಲಗೆಯಲ್ಲೇ ಉಳಿಯಿತು.

"ಅಮ್ಮಾ, ಎಲ್ಲಾ ಕಚ್ಚಿಕೊಂಡಿದೆ!"

ಮೆರುಗಮ್ಮ ಕೂತಲ್ಲಿಂದ ಏಳದೆ ಹೇಳಿದಳು: "ಪಾದ ಸವರಿಲ್ಲ ಇವಳು."

"ಸವರಿದೀನಿ! ಒಂದೊಂದನ್ನೂ ಸವರಿದೀನಿ!"

"ಸವರಿದ್ರೆ ಹೀಗ್ಯಾಕೆ ಅಂಟುತ್ತೆ?"

"ಬ್ರಷ್ಷಲ್ಲಿ ಎರಡೆರಡು ಸುತ್ತು..." ಎಂದು ಶುರು ಮಾಡಿದ ಸೊಸೆ ಅಲ್ಲಿಗೇ ನಿಂತಳು. ಚೂರು ಗಹಗಹಿಸಿ ನಕ್ಕಳು, ಆದರೆ ಅದು ನಗು ಅಲ್ಲ.

"ಬ್ರಷ್ಷಲ್ಲಂತೆ! ಸವರೋದು ಅಂದ್ರೆ ತೆಗೆಯೋದು ಅತ್ತಿಗೆ. ಬೇಲಿ ಸವರಲ್ವಾ ನಾವು?"

"ತಲೆಗೆ ಎಣ್ಣೆ ಸವರ್ತೀಯಲ್ಲ ದಿನಾ, ಅದೇನು ತೆಗೆಯೋದಾ?"

"ಮಣ್ಣಿನ ಮನೇಲಿ ಮಣ್ಣಿನ ಮಾತು."

"ನಾನು ಹುಟ್ಟಿದ್ದು ಹಿಟ್ಟಿನ ಮನೇಲಿ. ಕೇಳಿದ್ನಲ್ಲ ಅತ್ತೇನ, ಪಾದಾನೂ ಸವರಬೇಕಾ ಅಂತ. ಒಂದು ಮಾತು, ಕೆರಿ ಅಂತ ಹೇಳಿದ್ರೆ ಬಾಯಿ ಸವೆದುಹೋಗ್ತಿತ್ತಾ?"

"ಬೇಕಂತಲೇ ಮಾಡಿದಾಳೆ" ಎಂದಳು ಮೆರುಗಮ್ಮ, ಮಗನ ಕಡೆ ಮಾತ್ರ ನೋಡುತ್ತ. "ಶೆಡ್ಡು ಬೇಕಿತ್ತು. ಮೊದಲು ಕೈ ಮುರಿದ್ಲು, ಆಮೇಲೆ ಆವಿಗೆ."

"ಸವರೋದು ತೆಗೆಯೋದೋ ಹಚ್ಚೋದೋ ನನಗೆ ಗೊತ್ತಿಲ್ಲ. ನನ್ನ ತಲೆ ಸವರೋದಂತೂ ಇಬ್ಬರಿಗೂ ಗೊತ್ತು" ಎಂದು ಮಗ ಮುರಿದ ಅಂಚನ್ನು ಗೋಡೆಗೆ ಎಸೆದು ಹೊರಟುಹೋದ.

ಸಂಜೆ ಅವನು ಅಡುಗೆಮನೆಗೆ ಬಂದು, ಬಾಗಿಲು ಅರ್ಧ ಎಳೆದು, ದನಿ ತಗ್ಗಿಸಿ ಕೇಳಿದ: "ನನ್ನ ಹತ್ರ ಮಾತ್ರ ಹೇಳು. ನಿಜವಾಗ್ಲೂ ಗೊತ್ತಿರಲಿಲ್ವಾ ನಿನಗೆ?"

ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿರಲಿಲ್ಲ."

"ಕೋಪ ಮಾಡ್ಕೋಬೇಡ. ಇಷ್ಟು ವರ್ಷ ಈ ಮನೇಲಿ ಇದ್ದೀಯ. ಪಾತ್ರೆ ತಳದಲ್ಲಿ ಮೆರುಗಿರಲ್ಲ ಅಂತ ನೋಡಿರ್ತೀಯಲ್ಲ ಅಂತ ಕೇಳ್ದೆ."

"ನೀವು ಹುಟ್ಟಿದಾಗಿಂದ ಇದ್ದೀರ. ನೀವೇ ತುಂಬಿದ್ರಿ. ನೀವು ನೋಡಿದ್ರಾ?"

ಅವನ ಮುಖದ ಮೇಲಿದ್ದ ಅನುಮಾನ ಹೋಗಲಿಲ್ಲ. ಅದು ಅವಳಿಗೆ ಕಂಡಿತು. ಅತ್ತೆಯ ಬಾಯಿ ಅವಳಿಗೆ ಅಭ್ಯಾಸವಾಗಿತ್ತು, ಚೂರುವಿನ ಕೊಂಕೂ ಅಭ್ಯಾಸವಾಗಿತ್ತು. ಇದು ಹೊಸದು. ಅವತ್ತಿನಿಂದ ಅವಳು ಅವನಿಗೆ ಅನ್ನ ಹಾಕಿದಳು, ಬಟ್ಟೆ ಒಗೆದಳು, ಮಾತು ಮಾತ್ರ ಅಳೆದು ಅಳೆದು ಕೊಟ್ಟಳು.

ಆಮೇಲಿನ ವಾರಗಳು ಆ ಮನೆಯಲ್ಲಿ ಹಳಸಿದ ಊಟದ ಹಾಗೆ ಕಳೆದವು. ಕ್ಯಾಂಟೀನಿನವರು ಸ್ಟೀಲ್ ಬಟ್ಟಲು ತಂದುಕೊಂಡರು. ಮೆರುಗಮ್ಮ ಸೊಸೆಯ ಕೈಯ ಊಟ ಮುಟ್ಟುವುದಿಲ್ಲವೆಂದು ಶಪಥ ಮಾಡಿ, ಎಡಗೈಯಲ್ಲೇ ಒಂದು ಪಾತ್ರೆಗೆ ಅಕ್ಕಿ ಹಾಕಿ ಬೇಯಿಸಿಕೊಂಡಳು. ಒಂದು ದಿನ ತಳ ಹತ್ತಿತು, ಒಂದು ದಿನ ಗಂಜಿಯಾಯಿತು. ಎರಡನ್ನೂ ಅವಳು ಎಲ್ಲರ ನಡುವೆ ಕೂತು, ಎಲ್ಲರೂ ನೋಡುವಂತೆ ನುಂಗಿದಳು.

"ಅಮ್ಮ ಸೀದ ಅನ್ನ ತಿಂತಿದಾಳೆ, ನಿನಗೆ ಅನ್ನ ಹೇಗೆ ಇಳಿಯುತ್ತೆ ಅತ್ತಿಗೆ?" ಎಂದಳು ಚೂರು.

"ಹಸಿವಾದ್ರೆ ಇಳಿಯುತ್ತೆ."

"ಬೀದೀಲೆಲ್ಲಾ ಏನಂತಾರೆ ಗೊತ್ತಾ? ಬನ್ನಿಗೋಸ್ಕರ ಬಟ್ಟಲು ಮುಳುಗಿಸಿದ್ಲು ಅಂತ."

"ಅವರಿಗೆ ಹೇಳ್ಕೊಟ್ಟೋರು ಯಾರು? ಬಟ್ಟಲು ಬಾಯಿ ಬಿಟ್ಟು ಹೇಳಿತಾ?"

ಚಹಾ ಅಂಗಡಿಯವನು ಬನ್ನು ತೆಗೆದುಕೊಳ್ಳುತ್ತ, "ಏನಮ್ಮಾ, ಇನ್ನೇನು ದೊಡ್ಡ ಒಲೆ ಬರುತ್ತಲ್ಲ" ಎಂದು ಕಣ್ಣು ಮಿಟುಕಿಸಿದ. ಅವಳು ಟ್ರೇಯನ್ನು ಅವನ ಮುಂದೆ ಸಪ್ಪಳವಾಗುವಂತೆ ಕುಕ್ಕಿ ಬಂದಳು. ನಾಚಿಕೆಯಲ್ಲ ಅವಳಿಗೆ, ಉರಿ. ಮಾಡದ ತಪ್ಪಿಗೆ ಊರೆಲ್ಲ ಶಹಬ್ಬಾಸ್ ಎನ್ನುವುದರಷ್ಟು ಕೆಟ್ಟ ಬೈಗುಳ ಇನ್ನೊಂದಿಲ್ಲ.

ಮೆರುಗಮ್ಮ ತನ್ನ ಮಾತು ತಪ್ಪಲಿಲ್ಲ. "ಹೇಳಿದ ಮೇಲೆ ಹೇಳಿದೆ. ಆವಿಗೆ ಒಡೀಲಿ. ಒಳಗಿರೋದನ್ನ ಅವಳೇ ತೆಗೀಲಿ" ಎಂದಳು.

ಸೊಸೆ ತಲೆಗೆ ಬಟ್ಟೆ ಕಟ್ಟಿಕೊಂಡು ಉಳಿ, ಸುತ್ತಿಗೆ ಹಿಡಿದು ಆವಿಗೆಗೆ ಇಳಿದಳು. ಮೇಲಿನ ಹಲಗೆಗಳಿಂದ ಶುರು ಮಾಡಿದಳು. ಬಡಿದಾಗ ಒಂದೊಂದು ಬಟ್ಟಲೂ ಚೂರುಚೂರಾಗಿ ಎದ್ದಿತು, ಹಸಿರು ಗಾಜು ಸಿಡಿದು ತೋಳಿಗೆ ಗೀರಿತು. ತಾನೇ ಅದ್ದಿದ್ದು, ತಾನೇ ಹಚ್ಚಿದ್ದು, ತಾನೇ ಒಡೆಯುವುದು. ಅವಳಿಗೆ ಅಳು ಬಂತು, ಅತ್ತುಕೊಂಡೇ ಬಡಿದಳು.

ಎಲ್ಲಕ್ಕಿಂತ ಕೆಳಗಿನ ಹಲಗೆಗೆ ಬಂದು, ಮೂಲೆಯ ಬಟ್ಟಲಿಗೆ ಉಳಿ ಇಟ್ಟಾಗ ಅದು ಸುಮ್ಮನೆ ಪಕ್ಕಕ್ಕೆ ಸರಿಯಿತು. ಅವಳು ಅದನ್ನು ಕೈಯಲ್ಲಿ ಎತ್ತಿದಳು. ಪಕ್ಕದ್ದೂ ಎದ್ದಿತು, ಅದರ ಪಕ್ಕದ್ದೂ. ಕೆಲವೇ ಕೆಲವು ಬಟ್ಟಲುಗಳು, ಒಂದು ಚೂರೂ ಮುಕ್ಕಾಗದೆ. ತಿರುಗಿಸಿ ನೋಡಿದಳು. ಪಾದದಲ್ಲಿ ಮೆರುಗು ಇರಲಿಲ್ಲ. ಯಾರೋ ಕೆರೆದಿದ್ದರು. ನಾಜೂಕಾಗಿ ಅಲ್ಲ, ಇಲಿ ಕಡಿದಂತೆ ಅಡ್ಡಾದಿಡ್ಡಿ. ಬಟ್ಟಲಿನ ಹೊರಮೈಯಲ್ಲಿ ಒಂದು ಪಕ್ಕ ಹಸಿರು ತೆಳುವಾಗಿತ್ತು. ಅಲ್ಲಿ ಬಟ್ಟೆಯೊಂದರ ನೇಯ್ಗೆ, ಎಳೆ ಎಳೆಯಾಗಿ, ಸಣ್ಣ ಸಣ್ಣ ಚೌಕಳಿಯಾಗಿ ಗಾಜಿನಲ್ಲೇ ಬೆಂದು ಕೂತಿತ್ತು.

ಅವಳು ಬಹಳ ಹೊತ್ತು ಆ ಬೂದಿಯಲ್ಲೇ ಕೂತಳು. ಆಮೇಲೆ ಆ ಬಟ್ಟಲುಗಳನ್ನು ತೊಳೆದಳು.

ಅಂದಿನ ಊಟಕ್ಕೆ ಅವಳು ಬೇಳೆಯನ್ನು ಆ ಹಸಿರು ಬಟ್ಟಲುಗಳಲ್ಲಿ ಬಡಿಸಿ ಮೂವರ ಮುಂದೂ ಇಟ್ಟಳು. ಅತ್ತೆಯ ಮುಂದೆಯೂ ಒಂದು. ಚೂರು ಕೈತೊಳೆದು ಬಂದವಳು ನಿಂತುಬಿಟ್ಟಳು.

"ಇದೆಲ್ಲಿತ್ತು?" ಎಂದ ಮಗ. ಬಟ್ಟಲು ಎತ್ತಿ ತಳ ನೋಡಿದ. "ಇದು ಅಂಟಿಲ್ಲ! ಇದಕ್ಕೆ ಪಾದ ಕೆರೆದಿದೆ."

"ಆವಿಗೇಲಿ ಇತ್ತು. ಕೆಳಗಿನ ಹಲಗೇಲಿ" ಎಂದಳು ಸೊಸೆ. ಅತ್ತೆಯ ಮುಖ ನೋಡುತ್ತ ನಿಂತಳು. ಹೇಳಲಿ ಎಂದು ಕಾದಳು. ಅವಳಿಗೆ ಅಷ್ಟೇ ಬೇಕಿತ್ತು, ಅತ್ತೆಯ ಬಾಯಿಂದ ಒಂದು ಮಾತು.

ಮೆರುಗಮ್ಮ ಬಟ್ಟಲನ್ನು ನೋಡಿದಳು, ಮಗನನ್ನು ನೋಡಿದಳು. "ನೋಡ್ದ್ಯಾ?" ಎಂದಳು. "ಮೊದಲು ಒಂದಷ್ಟು ಸರಿಯಾಗಿ ಮಾಡಿದಾಳೆ. ಆಮೇಲೆ ಬೇಕಂತಲೇ ಬಿಟ್ಟಿದಾಳೆ. ಅಂದ್ರೆ ಗೊತ್ತಿತ್ತು ಇವಳಿಗೆ."

ಮಗ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. ಅವನ ಕಣ್ಣಿನಲ್ಲಿ ಅನುಮಾನ ಈಗ ಅನುಮಾನವಾಗಿ ಉಳಿದಿರಲಿಲ್ಲ.

"ಹೌದೇನೇ?"

ಸೊಸೆ ಅವನ ಕೈಯಿಂದ ಬಟ್ಟಲನ್ನು ತೆಗೆದುಕೊಂಡು ಬೇಳೆಯನ್ನು ಪಾತ್ರೆಗೆ ಸುರಿದಳು, ಒರೆಸಿದಳು, ಪಕ್ಕ ತಿರುಗಿಸಿ ಅವನ ಬೆರಳುಗಳನ್ನು ಹಿಡಿದು ಆ ಚೌಕಳಿಯ ಮೇಲೆ ಒತ್ತಿದಳು. ಆಮೇಲೆ ಆ ಬಟ್ಟಲನ್ನು ಮೇಜಿನ ಮೇಲೆ, ಅತ್ತೆಯ ಬಲಗೈಯ ಪಕ್ಕದಲ್ಲಿ ಇಟ್ಟಳು. ಪ್ಲಾಸ್ಟರಿನ ಮೇಲೆ ಸುತ್ತಿದ ಬ್ಯಾಂಡೇಜಿನ ನೇಯ್ಗೆ ಅದೇ. ಎಳೆಗೆ ಎಳೆ ಅದೇ. ಮುರಿದ ಕೈಯ ಸಂದಿಯಲ್ಲಿ ಹಸಿ ಮೆರುಗಿನ ಬಟ್ಟಲನ್ನು ಅವುಚಿಕೊಂಡು ಎಡಗೈಯಲ್ಲಿ ಚಾಕು ಆಡಿಸಿದ್ದಳು ಅತ್ತೆ.

"ಅಮ್ಮಾ..." ಎಂದಳು ಚೂರು. ಆಮೇಲೆ ತಟ್ಟೆಯ ಕಡೆ ನೋಡಿದಳು.

"ಅಂದ್ರೆ ನೀನು ನೋಡಿದ್ದೆ" ಎಂದ ಮಗ. "ಸುಡೋಕೆ ಮೊದಲೇ ನೋಡಿದ್ದೆ. ಕೆರೀತಾ ಕೂತಿದ್ದೆ."

"ಕೈ ಸೋತು ಹೋಯ್ತು" ಎಂದಳು ಮೆರುಗಮ್ಮ.

"ಇವಳು ಅಡುಗೆಮನೇಲೇ ಇದ್ಲಲ್ಲ! ಒಂದು ಸಲ ಕರೆದಿದ್ರೆ ಇಬ್ಬರೂ ಸೇರಿ ಮುಗಿಸ್ತಿದ್ರಿ. ಯಾಕಮ್ಮ ಕರೀಲಿಲ್ಲ?"

"ಇವಳನ್ನಾ?" ಮೆರುಗಮ್ಮ ಅಂದದ್ದು ಅಷ್ಟೇ ಮೊದಲು. ಆಮೇಲೆ ತಡೆಯಲಾಗದೆ ಉಳಿದದ್ದೂ ಬಂತು. "ಕರೆದು, ಆಮೇಲೆ ಸಾಯೋವರೆಗೂ ಇವಳು ಉಳಿಸಿಕೊಟ್ಟ ಆವಿಗೇಲಿ ನಾನು ಪಾತ್ರೆ ಸುಡಬೇಕಿತ್ತಾ? ಹೋದ್ರೆ ಹೋಗ್ಲಿ ಅಂದ್ಕೊಂಡೆ. ಇವಳ ಕೈಯಿಂದ ಹೋಯ್ತು ಅಂತ ಆಗ್ಲಿ ಅಂದ್ಕೊಂಡೆ."

ಮಗ ಎದ್ದು ನಿಂತು ಹೆಂಡತಿಯ ಹತ್ತಿರ ಬಂದ.

"ತಪ್ಪಾಯ್ತು ಕಣೇ. ನೀನು ಹೇಳಿದ್ದೇ ನಿಜ."

"ಬಟ್ಟಲು ನೋಡಿ ನಂಬಿದ್ರಿ" ಎಂದಳು ಅವಳು. "ನನ್ನ ಮುಖ ನೋಡಿ ನಂಬ್ಲಿಲ್ಲ."

ತನ್ನ ತಟ್ಟೆಗೆ ಅನ್ನ ಹಾಕಿಕೊಂಡು, ಮೇಲೆ ಬೇಳೆ ಸುರಿದುಕೊಂಡು, ಅವಳು ಹಿತ್ತಲ ಬಾಗಿಲು ದಾಟಿ ಶೆಡ್ಡಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಚಿಲಕದ ಸದ್ದು ಊಟದ ಮೇಜಿನವರೆಗೆ ಕೇಳಿಸಿತು. ಮಗ ಬಾಗಿಲಿನವರೆಗೆ ಹೋದ, ಅಲ್ಲೇ ನಿಂತ.

"ಬಾ, ಊಟ ಆರ್ತಾ ಇದೆ" ಎಂದಳು ತಾಯಿ. "ಬಂದು ಊಟ ಮಾಡು."

ಅವನು ಬಂದು ಕೂತು ಊಟ ಮಾಡಿದ.